ಎಡಮೂಲೆಯ ಕರಿಮಣ್ಣು

ಆ ವರ್ಷ ನಮ್ಮ ಕಾಲೇಜಿನ ಕಬಡ್ಡಿ ಹುಡುಗರು ಗೆದ್ದದ್ದು ತಮ್ಮ ಬಲದಿಂದಲ್ಲ. ಸತ್ತ ಗೆಳೆಯನನ್ನು ಮಲಗಗೊಡದೆ ಕಣದಲ್ಲಿ ನಿಲ್ಲಿಸಿಕೊಂಡಿದ್ದರು. ಆಗಿದ್ದು ಇಷ್ಟೇ. ದೆವ್ವ ನಂಬುತ್ತೀಯಾ ಎಂದು ನನ್ನನ್ನು ಕೇಳಬೇಡಿ. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ನಂಬುವುದು, ನಂಬದಿರುವುದು ಓದಿದವರು ಮಾಡುವ ಕೆಲಸ. ಕಂಡದ್ದನ್ನು ಹೇಳುತ್ತೇನೆ.

ಬೈಲಹೊಂಗಲದಲ್ಲಿ ಕಾಲೇಜಿನ ಮೈದಾನಕ್ಕೆ ಹೊಂದಿಕೊಂಡೇ ನನ್ನ ಖಾನಾವಳಿ ಇದೆ. ರೊಟ್ಟಿ ಬಡಿಯುತ್ತ ಕುಳಿತರೆ ಬಾಗಿಲಲ್ಲಿ ಕಬಡ್ಡಿ ಕಣ ಕಾಣುತ್ತದೆ. ದೊಡ್ಡ ಊರುಗಳಲ್ಲಿ ಈಗ ರಬ್ಬರಿನ ಹಾಸಿಗೆಯ ಮೇಲೆ ಆಡುತ್ತಾರಂತೆ. ನಮ್ಮಲ್ಲಿ ಇನ್ನೂ ಮಣ್ಣು. ಕೆಂಪು ಮಸಾರಿ ಮಣ್ಣು ತರಿಸಿ, ಗರಡಿಯವರ ಹಾಗೆ ಮಜ್ಜಿಗೆ, ಅರಿಶಿನ, ನಿಂಬೆರಸ ಹಾಕಿ ಹದ ಮಾಡುತ್ತಾರೆ. ಆಟದ ದಿನಗಳು ಶುರುವಾದರೆ ತಂಡದವರೆಲ್ಲ ನನ್ನಲ್ಲೇ ಉಣ್ಣುವವರು. ಅವರಲ್ಲಿ ಒಬ್ಬ ನನ್ನ ಮಗನ ಮಗ. ಅವನ ತಂದೆ ತಾಯಿ ಕಟಕೋಳದಲ್ಲಿ ಹೊಲ ಮಾಡಿಕೊಂಡಿದ್ದಾರೆ. ಕಾಲೇಜಿಗೆಂದು ಮಗನನ್ನು ನನ್ನ ಹತ್ತಿರ ಇಟ್ಟಿದ್ದರು. ಅವನು ನನ್ನನ್ನು ಆಯಿ ಎನ್ನುತ್ತಾನೆ. ಅವನ ಹಿಂದೆ ಇಡೀ ತಂಡ ಆಯಿ ಎನ್ನುತ್ತದೆ.

ಸತ್ತವನು ಮನೋಳಿಯ ಹುಡುಗ. ಕಣದ ಎಡಮೂಲೆಯಲ್ಲಿ ನಿಲ್ಲುತ್ತಿದ್ದ. ಮೂಲೆಯಲ್ಲಿ ನಿಂತವನ ಕೆಲಸ ಒಂದೇ: ಕಬಡ್ಡಿ ಕಬಡ್ಡಿ ಎನ್ನುತ್ತ ಒಳಬಂದ ಎದುರಾಳಿ ವಾಪಸು ಓಡುವಾಗ ಅವನ ಪಾದದ ಕೀಲು ಹಿಡಿಯುವುದು. ಇವನು ಹಿಡಿದರೆ ಬಿಡಿಸಿಕೊಂಡವರನ್ನು ನಾನು ನೋಡಿಲ್ಲ. ಉಣ್ಣುವಾಗಲೂ ಹಾಗೆಯೇ, ಎಡಗೈಯಲ್ಲಿ ತಾಟಿನ ಅಂಚು ಹಿಡಿದೇ ಉಣ್ಣುತ್ತಿದ್ದ. "ಯಾರೂ ಕಸಗೊಳ್ಳೂದಿಲ್ಲೋ, ಬಿಡು" ಎಂದರೆ, "ರೂಢಿ ಆಗೇತ್ರಿ ಆಯಿ" ಎಂದು ನಗುತ್ತಿದ್ದ. ಆಟದ ದಿನಗಳು ಇನ್ನೂ ಶುರುವಾಗಿರಲಿಲ್ಲ, ರಜೆಗೆ ಊರಿಗೆ ಹೋದವನು ಮಲಪ್ರಭೆಯಲ್ಲಿ ಈಜಲು ಇಳಿದು ಮುಳುಗಿದ.

ಹುಡುಗರೆಲ್ಲ ಮಣ್ಣು ಕೊಡಲು ಮನೋಳಿಗೆ ಹೋದರು. ನಮ್ಮ ಕಡೆ ಹೂಳುವಾಗ ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಹಾಕಿದ ಮೇಲೆ ಕೈ ಝಾಡಿಸಿ, ಹಿಂದೆ ನೋಡದೆ ಬರಬೇಕು. ಮನೆಯೊಳಗೆ ಕಾಲಿಡುವ ಮೊದಲು ಮೈಮೇಲೆ ನೀರು ಹಾಕಿಕೊಳ್ಳಬೇಕು. ನಾನು ಹಿತ್ತಲಲ್ಲಿ ನೀರು ಕಾಸಿ ಇಟ್ಟಿದ್ದೆ. ಎಲ್ಲರೂ ಮಿಂದರು. ತಂಡದ ಕ್ಯಾಪ್ಟನ್ ಮಾತ್ರ ಬಲಗೈ ಪ್ಯಾಂಟಿನ ಕಿಸೆಯಲ್ಲಿಟ್ಟುಕೊಂಡು ದೂರ ನಿಂತಿದ್ದ.

"ನೀ ಯಾಕ ನಿಂತೀ? ಬಾ, ನೀರ ಹಾಕ್ಕೋ."

"ಹಾಸ್ಟೆಲಿನ್ಯಾಗ ಜಳಕ ಮಾಡತೇನ್ರಿ ಆಯಿ" ಎಂದು ಹೋಗಿಬಿಟ್ಟ. ಹುಡುಗ ಅತ್ತಿದ್ದಾನೆ, ಮುಖ ತೋರಿಸಲು ನಾಚುತ್ತಾನೆ ಎಂದುಕೊಂಡೆ.

ಮೊದಲ ಆಟ ನಮ್ಮ ಮೈದಾನದಲ್ಲೇ, ಸವದತ್ತಿಯವರ ಮೇಲೆ. ಎಡಮೂಲೆಯಲ್ಲಿ ಯಾರೂ ನಿಂತಿರಲಿಲ್ಲ. ಮೂರ್ಖರೇನೋ ಇವರು, ಮೂಲೆ ಖಾಲಿ ಬಿಟ್ಟಿದ್ದಾರೆ ಎಂದು ನಾನು ಬಾಗಿಲಲ್ಲಿ ನಿಂತು ಬೈದುಕೊಂಡೆ. ಸವದತ್ತಿಯ ಹುಡುಗನಿಗೂ ಹಾಗೇ ಅನಿಸಿರಬೇಕು. ಆ ಕಡೆಯಿಂದಲೇ ಓಡಿದ. ಅರ್ಧ ದಾರಿಯಲ್ಲಿ ಅವನ ಕಾಲು ಹಿಂದೆ ಉಳಿಯಿತು, ಮೈ ಮುಂದೆ ಹೋಯಿತು. ಮುಖ ಕೆಳಗಾಗಿ ಬಿದ್ದ. ಬಿದ್ದವನ ಮೇಲೆ ನಮ್ಮವರು ಬಿದ್ದರು. ರೆಫರಿ ಸೀಟಿ ಊದಿದ.

"ಸರ್, ಹಿಂದಿನಿಂದ ಯಾರೋ ಕಾಲ ಹಿಡದಾರ್ರಿ!"

"ಹಿಂದ ಯಾರ ಅದಾರೋ? ನಿನ್ನ ನೆರಳೊಂದ ಐತಿ" ಎಂದ ರೆಫರಿ.

ಜನ ನಕ್ಕರು. ನಮ್ಮ ಕ್ಯಾಪ್ಟನ್ ನಗಲಿಲ್ಲ. ಮೂಲೆಯ ಕಡೆ ನೋಡಿ, ಆಟಗಾರರು ಒಬ್ಬರಿಗೊಬ್ಬರು ಮಾಡುವ ಹಾಗೆ, ಸಣ್ಣಗೆ ತಲೆ ಆಡಿಸಿದ. ಅದನ್ನು ನಾನು ಕಂಡೆ.

ಆ ಸಂಜೆ ತರಕಾರಿಯ ನೀರು ಚೆಲ್ಲಲು ಹೋದವಳು ಕಣದ ಹತ್ತಿರ ನಿಂತೆ. ಕೆಂಪು ಮಣ್ಣಿನಲ್ಲಿ ಎಡಮೂಲೆಯಲ್ಲಿ ಮಾತ್ರ ಒಂದು ಮೊರದಷ್ಟು ಜಾಗ ಕಪ್ಪಗಿತ್ತು, ಒದ್ದೆಯಾಗಿತ್ತು. ಮಳೆಯಾಗಿ ಎಷ್ಟೋ ದಿನವಾಗಿತ್ತು. ಬಗ್ಗಿದರೆ ಹೊಳೆಯ ವಾಸನೆ, ನೀರು ಇಳಿದ ಮೇಲೆ ದಂಡೆಯ ರಾಡಿ ನಾರುತ್ತದಲ್ಲ, ಅದು. ನಮ್ಮ ಓಣಿಯ ನಾಯಿಗಳು ಕಣದಲ್ಲೆಲ್ಲ ಹೊರಳಾಡುತ್ತಿದ್ದವು. ಆ ಮೂಲೆಗೆ ಬಂದರೆ ಸುತ್ತು ಹಾಕಿ ಹೋಗುತ್ತಿದ್ದವು.

ಆಮೇಲಿನ ಆಟಗಳು ಬೇರೆ ಊರುಗಳಲ್ಲಿ. ಹೊರಗಿನ ಊಟ ಹುಡುಗರಿಗೆ ಒಗ್ಗುವುದಿಲ್ಲವೆಂದು ನನ್ನನ್ನೂ ಬುತ್ತಿಯ ಜೊತೆ ಟೆಂಪೋದಲ್ಲಿ ಕೂರಿಸಿಕೊಳ್ಳುತ್ತಿದ್ದರು. ಆಟಕ್ಕೆ ಮೊದಲು ಕ್ಯಾಪ್ಟನ್ ನಮಸ್ಕಾರ ಮಾಡುವವನ ಹಾಗೆ ಎಡಮೂಲೆಯಲ್ಲಿ ಬಗ್ಗಿ ಏನೋ ಚೆಲ್ಲುತ್ತಿದ್ದ. ವಿಭೂತಿ ಎಂದುಕೊಂಡೆ. ಹೋದಲ್ಲೆಲ್ಲ ಗೆದ್ದರು. ಆದರೆ ಮೂಲೆ ಎಷ್ಟು ದಿನ ಖಾಲಿ ಬಿಡುತ್ತಾರೆ? ಜನ ಕೇಳತೊಡಗಿದರು. ಆಗ ನನ್ನ ಮೊಮ್ಮಗನನ್ನು ಅಲ್ಲಿ ನಿಲ್ಲಿಸಿದರು.

ಅಲ್ಲಿಂದ ಅವನ ಎಡಗೈ ಕೆಟ್ಟಿತು. ಹಿಡಿದದ್ದನ್ನು ಬಿಡುತ್ತಿರಲಿಲ್ಲ. ಬಸ್ಸಿನ ಕಂಬಿ ಹಿಡಿದರೆ ಇಳಿಯುವಾಗ ಬಲಗೈಯಿಂದ ಬೆರಳು ಬಿಡಿಸಿಕೊಳ್ಳಬೇಕು. ಹಿಂದಿದ್ದವರು "ಇಳೀಯಪ್ಪಾ ಮಾರಾಯಾ, ಬಸ್ಸ ನಿಮ್ಮಪ್ಪಂದೇನ?" ಎಂದು ಬೈದರೆ, ಇವನು ಕೈಯನ್ನೇ ನೋಡುತ್ತ ನಿಲ್ಲುವನು. ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದ್ದ. ಹಿಟ್ಟಿನ ಪುಟ್ಟಿ ಹಿಡಿದು ದಾಟಿದೆ. ಕಾಲು ಮುಂದೆ ಬರಲಿಲ್ಲ. ಅವನ ಎಡಗೈ ನನ್ನ ಪಾದದ ಕೀಲು ಹಿಡಿದಿತ್ತು. ಕೈ ಒದ್ದೆಯಾಗಿತ್ತು, ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಅವನು ಗಾಢ ನಿದ್ದೆಯಲ್ಲಿದ್ದ. ಉಸಿರು ಕೇಳಲಿಲ್ಲ. ಪುಟ್ಟಿ ಕೆಳಗಿಟ್ಟು ಕಪಾಳಕ್ಕೆ ಒಂದು ಕೊಟ್ಟೆ. ಉಸಿರೆಳೆದುಕೊಂಡು ಎದ್ದ, ಕೈ ಬಿಟ್ಟಿತು.

"ಏನ ಕನಸ ಬಿತ್ತೋ?"

"ಕನಸಿಲ್ಲ ಆಯಿ. ಕತ್ತಲಿತ್ತು. ಮ್ಯಾಲೆ ಬರಾಕ ಏನರ ಹಿಡಕೋಬೇಕಾಗಿತ್ತು."

ನನಗೆ ಆಗಲೇ ಸಂಶಯ ಬಂತು. ಆದರೂ ಅವನು ರಾಮದುರ್ಗದ ಆಟಕ್ಕೆ ಹೋದ, ನಾನೂ ಹೋದೆ. ಅಲ್ಲಿ ಎದುರಾಳಿಯ ಕಾಲು ಹಿಡಿದವನು ಸೀಟಿ ಊದಿದರೂ ಬಿಡಲಿಲ್ಲ. ಆ ಹುಡುಗ ಚೀರುತ್ತಿದ್ದ. ಇವನ ಕಣ್ಣು ತೆರೆದೇ ಇದ್ದವು, ಬಾಯಿ ಬಿಗಿದಿತ್ತು, ತುಟಿ ನೀಲಿಯಾಗುತ್ತಿತ್ತು. ಉಸಿರು ಬಿಗಿಹಿಡಿದು ಕಬಡ್ಡಿ ಎನ್ನುವವನು ದಾಳಿಗೆ ಬಂದವನು. ಹಿಡಿಯುವವನಿಗೆ ಉಸಿರು ಕಟ್ಟುವ ಕೆಲಸವೇ ಇಲ್ಲ. ಮೂವರು ಸೇರಿ ಬೆರಳು ಬಿಡಿಸಿದರು. ಡಾಕ್ಟರು ನೋಡಿ, "ಮೈಯಾಗ ಏನೂ ಕೆಟ್ಟಿಲ್ಲ. ಆದರ ಇನ್ನೊಮ್ಮೆ ಹಿಂಗ ಉಸರ ಹಿಡದ್ರ ತಿರಗಿ ಬರ್ತದ ಅಂತ ನಾ ಹೇಳೂದಿಲ್ಲ" ಎಂದರು.

ತಿರುಗಿ ಬರುವಾಗ ಟೆಂಪೋದಲ್ಲಿ ಕ್ಯಾಪ್ಟನ್ನನ ಎದುರು ಕುಳಿತೆ.

"ಏನೋ, ಮನೋಳಿಯಿಂದ ಏನ ತಂದೀ?"

ಮೊದಲು ಇಲ್ಲ ಎಂದ. ಆಮೇಲೆ ಅಳತೊಡಗಿದ. "ಒಂದ ಹಿಡಿ ಮಣ್ಣ್ರೀ ಆಯಿ. ಅರ್ಧ ಕಣದಾಗ ಹಾಕೇವಿ, ಅರ್ಧ ಚೀಲದಾಗ ಐತಿ. ಅಂವಾ ಇಲ್ಲದ ಹೆಂಗ ಆಡೂದು ಅಂತ ತಂದೆ. ನಮ್ಮ ಜೋಡಿ ಇರ್ಲಿ ಅಂತ."

"ಮಣ್ಣ ಕೊಡಾಕ ಹೋದಾವ ತಗೊಂಡ ಬರ್ತಾನೇನೋ, ಖೋಡಿ? ಅಂವಗ ಹೋಗಾಕರ ಬಿಟ್ಟೀರೇನು?"

"ಫೈನಲ್ ಒಂದ ಐತ್ರಿ. ಅದ ಆದಮ್ಯಾಲ..."

"ನನ್ನ ಮೊಮ್ಮಗ ಆಡೂದಿಲ್ಲ" ಎಂದೆ.

ಫೈನಲ್ಲು ಕಿತ್ತೂರಿನವರ ಮೇಲೆ, ನಮ್ಮ ಮೈದಾನದಲ್ಲೇ. ಆ ದಿನ ಮೊಮ್ಮಗನನ್ನು ಕೋಣೆಯಲ್ಲಿ ಹಾಕಿ ಹೊರಗಿನಿಂದ ಕೊಂಡಿ ಹಾಕಿದೆ. ಬಾಗಿಲು ಬಡಿಯಲಿಲ್ಲ, ಜಗಳ ಮಾಡಲಿಲ್ಲ. ಒಳಗಿನಿಂದ ಮೆಲ್ಲಗೆ ಹೇಳಿದ: "ಆಯಿ, ಅಂವಾ ಒಬ್ಬನ ನಿಂತಿರ್ತಾನ ಅಲ್ಲಿ."

ಪಲ್ಯ ಕೆಳಗಿಳಿಸಿ ಬಂದು ನೋಡಿದರೆ ಕೋಣೆ ಖಾಲಿ. ಮೇಲಿನ ಹಂಚು ಸರಿಸಿ ಹೋಗಿದ್ದ.

ಓಡುವ ವಯಸ್ಸಲ್ಲ ನನ್ನದು. ಮೈದಾನ ಮುಟ್ಟುವಷ್ಟರಲ್ಲಿ ಜನ ಕೂಗುತ್ತಿದ್ದರು. ಅವನು ಕಿತ್ತೂರಿನ ಹುಡುಗನ ಕಾಲು ಹಿಡಿದು ಕರಿಮಣ್ಣಿನ ಮೇಲೆ ಬೋರಲಾಗಿ ಬಿದ್ದಿದ್ದ. ನಮ್ಮವರು ಎಳೆಯುತ್ತಿದ್ದರು, ಬೆರಳು ಬಿಡಿಸಲು ಆಗುತ್ತಿರಲಿಲ್ಲ. ಚಪ್ಪಲಿ ಬಿಟ್ಟು ಗೆರೆ ದಾಟಿ ಒಳಗೆ ಹೋದೆ.

"ಅಜ್ಜೀ, ಹೊರಗ ನಡೀರಿ! ಆಟ ನಡದೈತಿ!" ಎಂದು ರೆಫರಿ ಕೂಗಿದ.

"ಊದ್ಕೋ ನಿನ್ನ ಸೀಟಿ" ಎಂದೆ.

ಮೊಮ್ಮಗನ ಮುಖ ತಿರುಗಿಸಿದೆ. ನೀಲಿಯಾಗಿತ್ತು. ಈ ಸಲ ಕಪಾಳಕ್ಕೆ ಹೊಡೆದರೂ ಏನೂ ಆಗಲಿಲ್ಲ. ಆಗ ಅವನ ಜೊತೆ ಮಾತಾಡುವುದು ಬಿಟ್ಟೆ. ಆ ಎಡಗೈಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತು, ಕೈಗೇ ಹೇಳಿದೆ.

"ಮನೋಳಿಯಾವ, ಕೇಳಿಲ್ಲೆ. ನಿನ್ನ ತಪ್ಪೇನೂ ಇಲ್ಲ. ನಿನ್ನ ಕರಕೊಂಡ ಬಂದವ್ರು ಮಂಗ್ಯಾಗಳು. ಇಂವಾ ನನಗ ಬೇಕು. ಇಂವನ್ನ ಬಿಡು, ನಾಳಿ ನಿಮ್ಮವ್ವನ್ನ ಕರಕೊಂಡ ಬರತೇನಿ."

ಕಿರುಬೆರಳು ಮೊದಲು ತೆರೆಯಿತು. ಉಳಿದವು ಒಂದರ ಹಿಂದೆ ಒಂದು. ಕಿತ್ತೂರಿನ ಹುಡುಗ ತೆವಳಿಕೊಂಡು ದೂರ ಹೋದ. ನನ್ನ ಮೊಮ್ಮಗ ಕೆಮ್ಮಿದ, ಬಾಯಿಂದ ಒಂದು ಗುಟುಕು ರಾಡಿನೀರು ಬಂತು, ಆಮೇಲೆ ಉಸಿರು ಬಂತು. ಹೊರಗಿನವರು ಕಣದೊಳಗೆ ಬಂದರೆಂದು ಆಟವನ್ನು ಕಿತ್ತೂರಿಗೆ ಕೊಟ್ಟರು. ಮುದುಕಿ ಫೈನಲ್ಲಿನ ಕಪ್ ಕಳೆದಳು ಎಂದು ಹುಡುಗರು ನನಗೆ ಕೇಳುವಂತೆಯೇ ಅಂದರು. ಕಳೆದೆ, ಹೌದು.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಸವದತ್ತಿಯಲ್ಲಿ ಇಳಿದು, ಬೇರೆ ಬಸ್ಸಿನಲ್ಲಿ ಮನೋಳಿಗೆ ಹೋದೆ. ಆ ಹುಡುಗನ ತಾಯಿ ಅಂಗಳದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ನಿನ್ನ ಮಗ ನಮ್ಮೂರಾಗ ಅದಾನವಾ. ಹುಡಗೂರು ಮಣ್ಣ ತಂದಿದ್ರು. ಬಂದು ಕರಕೊಂಡ ಹೋಗು."

ಆಕೆ ಹುಚ್ಚಿ ಎನ್ನಲಿಲ್ಲ. ಮೊರ ಕೆಳಗಿಟ್ಟಳು. "ಅದಕ್ಕ ಅಂವಾ ನನ್ನ ಕನಸಿನ್ಯಾಗ ಒಮ್ಮಿನೂ ಬಂದಿಲ್ರಿ" ಎಂದಳು. "ನನ್ನ ಮ್ಯಾಲೆ ಸಿಟ್ಟ ಮಾಡ್ಯಾನ ಅಂದಿದ್ದೆ."

ಬೈಲಹೊಂಗಲಕ್ಕೆ ಬಂದಾಗ ಮೈದಾನದಲ್ಲಿ ಕ್ಯಾಪ್ಟನ್ ಒಬ್ಬನೇ ನಿಂತಿದ್ದ. ಉಳಿದ ಮಣ್ಣಿನ ಚೀಲವನ್ನು ಆಕೆಯ ಕೈಗೆ ಕೊಟ್ಟು ತಲೆ ಬಗ್ಗಿಸಿದ. ಆಕೆ ಅದನ್ನು ಉಡಿಯಲ್ಲಿ ಕಟ್ಟಿಕೊಂಡಳು. ಮೂಲೆಯ ಹತ್ತಿರ ಹೋಗಿ, ಆಡುತ್ತ ಹೊತ್ತು ಮರೆತ ಮಗನನ್ನು ಕರೆಯುವ ದನಿಯಲ್ಲಿ, ಅಳದೆ ಕರೆದಳು: "ಸಾಕು ನಡಿ, ಮನಿಗೆ ಹೋಗೂಣು." ಆಮೇಲೆ ಹಿಂದೆ ನೋಡದೆ ಬಸ್ ಸ್ಟ್ಯಾಂಡಿಗೆ ನಡೆದಳು. ನಾನು ಕಳಿಸಲು ಹೋದೆ. ಸವದತ್ತಿಯ ಬಸ್ಸು ತುಂಬಿ ಜನ ನಿಂತಿದ್ದರು. ಮೊದಲೇ ಹತ್ತಿದ ಆಕೆ ಕಿಟಕಿಯ ಪಕ್ಕದ ಸೀಟು ಬಿಟ್ಟು ಈಚೆಗೆ ಕುಳಿತಿದ್ದಳು. ಆ ಸೀಟಿನಲ್ಲಿ ಕೂರುತ್ತೇನೆಂದು ಯಾರೂ ಕೇಳಲಿಲ್ಲ.

ಬಸ್ಸು ಹೊರಟ ಮೇಲೆ ಮನೆಗೆ ಬಂದು ಒಲೆ ಹಚ್ಚಿದೆ. ಮೊಮ್ಮಗ ಎದ್ದು ಕುಳಿತಿದ್ದ, ಹಸಿವು ಎಂದ. ರೊಟ್ಟಿ ಬಡಿದು ಹಾಕಿದೆ.