ಧೂಳಿನ ಮೇಲೆ ಬರೆದ ಲೆಕ್ಕ

ಇವತ್ತು ಬೆಳಿಗ್ಗೆ ತರಗತಿಯ ಬಾಗಿಲು ತೆಗೆದು, ಒದ್ದೆ ಬಟ್ಟೆ ಹಿಡಿದು, ಕಿಟಕಿ ಪಕ್ಕದ ಡೆಸ್ಕಿನ ಹತ್ತಿರ ಹೋದವಳು ಹಾಗೇ ನಿಂತುಬಿಟ್ಟೆ. ಧೂಳಿನ ಮೇಲೆ ಯಾರೋ ಬೆರಳಿನಿಂದ ಅರ್ಧ ಲೆಕ್ಕ ಬರೆದಿದ್ದರು. ಬೇಸಿಗೆಯಲ್ಲಿ ಕೆಜಿಎಫ್‌ಗೆ ಬಂದಿದ್ದರೆ ಈ ಧೂಳು ನಿಮಗೂ ಗೊತ್ತಿರುತ್ತದೆ. ಚಿನ್ನ ತೆಗೆದುಳಿದ ಗಣಿಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಬಿಸಿಗಾಳಿ ಎದ್ದರೆ ನಮ್ಮ ಶಾಲೆಯಿರುವ ಉರಿಗಾಂನ ಯಾವ ಕಿಟಕಿಯೂ ಅದನ್ನು ತಡೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ, ಹತ್ತನೇ ತರಗತಿಯ ಗಣಿತದಲ್ಲಿ ಫೇಲಾದವರಿಗೆ ಮೊದಲ ಬಾರಿ ಬೇಸಿಗೆ ತರಗತಿ ಶುರುವಾಯಿತು. ಅದು ಮುಗಿದ ಕೂಡಲೇ ಎರಡನೇ ಪರೀಕ್ಷೆ. ಕಲಿಸಲು ಬಂಗಾರಪೇಟೆಯಿಂದ ರೈಲಿನಲ್ಲಿ ಬರುತ್ತಿದ್ದವಳು ನಾನು. ಹೆದರಿಕೆ ನನ್ನ ಹುಟ್ಟುಗುಣ. ರೈಲು ತಪ್ಪೀತೆಂದು ಪ್ಲಾಟ್‌ಫಾರ್ಮಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವವಳು. ಉತ್ತರ ತಪ್ಪೀತೆಂದು ಗೈಡಿನಲ್ಲಿರುವ ಲೆಕ್ಕವನ್ನಷ್ಟೇ ಬೋರ್ಡಿಗೆ ಇಳಿಸುವವಳು. ಆ ಧೂಳು ಎದೆಗೆ ಕೆಟ್ಟದ್ದೆಂದು ಡೆಸ್ಕುಗಳನ್ನು ನಾನೇ ಒರೆಸುತ್ತಿದ್ದೆ. ಮಧ್ಯಾಹ್ನಕ್ಕೆ ಮತ್ತೆ ಕೂತಿರುತ್ತಿತ್ತು.

ನಾಗವೇಣಿ ಬೇತಮಂಗಲದ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಮೊದಲ ದಿನ ಅವಳ ತಾಯಿ ಡೈರಿಗೆ ಹಾಲು ಹಾಕಿ, ಖಾಲಿ ಕ್ಯಾನು ಹಿಡಿದೇ ಜೊತೆಗೆ ಬಂದಿದ್ದರು.

“ಈ ಸಲಾನೂ ಫೇಲಾದ್ರೆ ಮುಗೀತು ಮಿಸ್ಸಮ್ಮ. ಕಾಲೇಜೂ ಬ್ಯಾಡ ಏನೂ ಬ್ಯಾಡ, ಸೀಮೆ ಅಸ ನೋಡ್ಕೊಂಡಿರು ಅಂದವ್ರೆ ಇವರಪ್ಪ. ಇವಳೋ, ಬಾಯೇ ಬಿಡಲ್ಲ. ಅಸಾನೇ ವಾಸಿ, ಅಸಿವಾದ್ರೆ ಕೂಗ್ತದೆ!”

ನಾಗವೇಣಿ ನೆಲ ನೋಡುತ್ತಿದ್ದಳು. ಅವಳ ನೋಟ್‌ಬುಕ್ಕಿನಲ್ಲಿ ಪ್ರಶ್ನೆಗಳಿರುತ್ತಿದ್ದವು, ಉತ್ತರಗಳಿರುತ್ತಿರಲಿಲ್ಲ. ದಡ್ಡಿ ಎಂದೇ ತಿಳಿದಿದ್ದೆ. ಒಂದು ಮಧ್ಯಾಹ್ನ ಒರೆಸಲು ಹೋದಾಗ ಅವಳ ಮುಂದಿನ ಧೂಳಿನಲ್ಲಿ ಆ ದಿನದ ಲೆಕ್ಕ ಪೂರ್ತಿಯಾಗಿ, ಸರಿಯಾಗಿ ಕೂತಿತ್ತು.

“ಇದನ್ನ ಬುಕ್ಕಲ್ಲಿ ಯಾಕೆ ಬರೀಲಿಲ್ಲ?”

ಅವಳು ಅಂಗೈಯಿಂದ ಸರಕ್ಕನೆ ಅಳಿಸಿದಳು. “ಬುಕ್ಕಲ್ಲಾದ್ರೆ ತಪ್ಪು ಅಂಗೇ ಇರ್ತದೆ ಮಿಸ್.”

ಪಕ್ಕದಲ್ಲಿದ್ದ ಉರಿಗಾಂನ ಸೆಲ್ವಿ ನಕ್ಕಳು. “ಪರೀಕ್ಷೇಲೂ ಇಂಗೇ ಮಿಸ್. ಮೊದ್ಲು ಡೆಸ್ಕ್ ಮ್ಯಾಲೆ ಬರೀತಾಳೆ. ಪೇಪರ್‌ಗೆ ಇಳ್ಸೋದ್ರೊಳ್ಗೆ ಬೆಲ್ಲು!”

ಎರಡನೇ ಪರೀಕ್ಷೆಯ ಕೇಂದ್ರ ಬಂಗಾರಪೇಟೆ. ಅಲ್ಲಿ ದಿಬ್ಬವಿಲ್ಲ, ಈ ಧೂಳಿಲ್ಲ. ಅವಳು ಬರೆಯುವುದೆಲ್ಲಿ? ಅಂದಿನಿಂದ ನನ್ನ ನಿದ್ದೆ ಕೆಟ್ಟಿತು. ಗದರಿಸಿದೆ, ಪುಸಲಾಯಿಸಿದೆ, ಏನೂ ಉಪಯೋಗವಾಗಲಿಲ್ಲ.

ಆಮೇಲೆ ಒಂದು ದಿನ ಸೆಲ್ವಿ ಗೈಡಿನಲ್ಲಿಲ್ಲದ ಲೆಕ್ಕ ಕೇಳಿದಳು, ಕೊಟ್ಟಿಗೆಯೊಂದರ ಉದ್ದ ಅಗಲ ಹುಡುಕುವುದು. ಒಲ್ಲೆನ್ನಲಾಗದೆ ಬೋರ್ಡಿಗೆ ತಿರುಗಿದೆ. ಬಂದ ಉತ್ತರಗಳೆರಡೂ ಸೊನ್ನೆಗಿಂತ ಕಡಿಮೆ.

“ಮತ್ತೆ ಅಸ ಎಲ್ಲಿ ಕಟ್ಟೋದು ಮಿಸ್?” ಎಂದಳು ಸೆಲ್ವಿ.

ಎಲ್ಲರೂ ನಕ್ಕರು. ಡಸ್ಟರು ಕೈಗೆ ಸಿಗದೆ ಸೆರಗಿನಿಂದಲೇ ಬೋರ್ಡು ಒರೆಸಿದೆ.

“ಅಯ್ಯೋ, ಯಾಕ್ ಅಳಿಸ್ಬುಟ್ರಿ ಮಿಸ್? ಎಲ್ಲಿ ತಪ್ಪಾಯ್ತು ಅಂತ ಈಗ ಎಂಗೆ ತಿಳೀತದೆ?”

ಅಷ್ಟು ದೊಡ್ಡ ದನಿ ಯಾರದೆಂದು ತಿರುಗಿದರೆ, ನಾಗವೇಣಿ. ಹೇಳಿಬಿಟ್ಟು ತಾನೇ ಬೆಚ್ಚಿ ಕೂತಿದ್ದಳು. ನಾನು ನನ್ನ ಸೆರಗಿಗಂಟಿದ ಚಾಕ್‌ಪುಡಿಯನ್ನು ನೋಡಿದೆ. ಧೂಳು ಅಳಿಸಿದ ಅವಳ ಅಂಗೈಯೂ ಹೀಗೇ ಬೆಳ್ಳಗಿರುತ್ತಿತ್ತು. ಲೆಕ್ಕವನ್ನು ತಪ್ಪಿನೊಂದಿಗೇ ಮತ್ತೆ ಬರೆದೆ. ಎಲ್ಲರೂ ಸೇರಿ ಹುಡುಕಿದಾಗ ಕೂಡುವ ಕಡೆ ಕಳೆದದ್ದು ಸಿಕ್ಕಿತು. ಆ ಸಾಲನ್ನು ಅಳಿಸದೆ, ಅದರ ಮೇಲೊಂದು ಗೆರೆ ಎಳೆದು ಕೆಳಗೆ ಮುಂದುವರಿದೆ. ಮರುದಿನದಿಂದ ಡಸ್ಟರು ಬೀರುವಿನಲ್ಲಿ. ಆ ವಾರದಲ್ಲೇ ನಾಗವೇಣಿಯ ನೋಟ್‌ಬುಕ್ಕಿನಲ್ಲಿ ಒಂದು ತಪ್ಪು ಸಾಲು ಕಾಣಿಸಿತು, ಮೇಲೊಂದು ಗೆರೆ.

ಪರೀಕ್ಷೆಯ ದಿನ ಬೆಳಿಗ್ಗೆ ಕೇಂದ್ರದ ಕಿಟಕಿಯಲ್ಲಿ ಇಣುಕಿದೆ. ಡೆಸ್ಕುಗಳನ್ನು ಒರೆಸಿ ಹೊಳೆಯುವಂತೆ ಮಾಡಿದ್ದರು. ಅದನ್ನು ನೋಡಿ ನನಗಾದ ಹೆದರಿಕೆಯನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ಕೊನೆಯ ಬೆಲ್ಲು ಹೊಡೆಯುವವರೆಗೂ ಗೇಟಿನ ಹೊರಗೇ ನಿಂತಿದ್ದೆ. ಸೆಲ್ವಿ ಬಂದಳು, ಉಳಿದವರೂ ಬಂದರು. ಎಲ್ಲರಿಗಿಂತ ಕೊನೆಗೆ ನಾಗವೇಣಿ.

“ತಪ್ಪು ಮಾಡ್ಬುಟ್ಟೆ ಮಿಸ್.”

“ಎಲ್ಲಿ?” ಎಂದೆ.

“ಪೇಪರ್ ಮ್ಯಾಲೇನೇ. ಗೆರೆ ಎಳ್ದು ಕೆಳ್ಗೆ ಇನ್ನೊಂದ್ಸಲ ಮಾಡ್ದೆ. ಟೈಮ್ ಸಾಕಾಯ್ತು.”

ಪಾಸಾದಳು, ಅಂಚಿನಲ್ಲಿ. ಕಾಲೇಜಿಗೂ ಸೇರಿದಳು.

ಇವತ್ತಿನ ಧೂಳಿನ ಲೆಕ್ಕ ಯಾವ ಮಗುವಿನದೋ ಗೊತ್ತಿಲ್ಲ. ನಡುವೆ ಒಂದು ಕಡೆ ತಪ್ಪಿದೆ. ಅದನ್ನು ಇದ್ದಂತೆಯೇ, ನನ್ನ ಅಕ್ಷರದಲ್ಲಿ, ಬೋರ್ಡಿಗೆ ಇಳಿಸಿದೆ. ಆಮೇಲೆ ಡೆಸ್ಕು ಒರೆಸಿದೆ. ಹೊರಗೆ ಮಕ್ಕಳ ದನಿ ಕೇಳಿದಾಗ ಕಣ್ಣು ಎಂದಿನಂತೆ ಬೀರುವಿನಲ್ಲಿರುವ ಡಸ್ಟರಿನತ್ತ ಹೋಯಿತು. ತಪ್ಪು ಯಾರದೆಂದು ಕೇಳಿದರೆ ನನ್ನದೆನ್ನುತ್ತೇನೆ.