ಒಣಗುವ ತನಕ ಏಳಬಾರದು

ನಮ್ಮ ದೊಡ್ಡಮ್ಮನ ಬೆರಳುಗಳಿಗೆ ವರ್ಷವಿಡೀ ಯಾವುದಾದರೊಂದು ಹಣ್ಣಿನ ವಾಸನೆ ಇರುತ್ತಿತ್ತು. ಚಳಿಗಾಲದಲ್ಲಿ ಕಿತ್ತಳೆ ಸಿಪ್ಪೆ, ಬೇಸಿಗೆಯಲ್ಲಿ ಪರಂಗಿ, ಮಿಕ್ಕ ದಿನಗಳಲ್ಲಿ ಕಳಿತ ಬಾಳೆಹಣ್ಣು. ಉಗುರಿನ ಸಂದಿಯಲ್ಲಿ ಕಸ್ತೂರಿ ಅರಿಶಿನ ಸೇರಿಕೊಂಡು, ಎಷ್ಟು ತೊಳೆದರೂ ಹೋಗದ ಹಳದಿ. ಆ ಬೆರಳು ಕೆನ್ನೆಗೆ ತಾಗಿದರೆ ಬೆಳಗಿನ ಮಡಕೆ ನೀರಿನ ಹಾಗೆ ತಣ್ಣಗಿರುತ್ತಿತ್ತು. ಅವಳ ಸ್ವಂತ ಮುಖದಲ್ಲಿ ಮಾತ್ರ ಹಣೆಯಿಂದ ಗದ್ದದವರೆಗೆ ಸಿಡುಬಿನ ಕಲೆ. ಮದುವೆಯಾಗಿ ಬಂದ ಹೊಸದರಲ್ಲೇ ಮನೆಗೆ ಅಮ್ಮ ಬಂದಿತ್ತಂತೆ. ದೊಡ್ಡಪ್ಪನನ್ನು ಕರೆದುಕೊಂಡು, ಇವಳನ್ನು ಹೀಗೆ ಮಾಡಿ ಬಿಟ್ಟುಹೋಯಿತು.

ಹೊಳೇನರಸೀಪುರದ ಪೇಟೆಯಲ್ಲಿ ನಮ್ಮದು ಜಿನಸಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಆ ಮನೆಯ ಯಜಮಾನಿ. ಅವಳಿಗೆ ಕೂತ ಹೆಂಗಸನ್ನು ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಉಸ್ಸಪ್ಪಾ ಎಂದು ಗೋಡೆಗೊರಗಿದರೆ ಸಾಕು, ಮಡಿಲಿಗೆ ಒಂದು ಮೊರ ಅಕ್ಕಿ ಬಂದು ಕೂರುತ್ತಿತ್ತು. ಆರಿಸು ಎಂದು ಬಾಯಿಬಿಟ್ಟು ಹೇಳುತ್ತಲೂ ಇರಲಿಲ್ಲ, ಮಹಾತಾಯಿ!

ಇಂಥ ಅಜ್ಜಿಯನ್ನು ದೊಡ್ಡಮ್ಮ ಗೆದ್ದದ್ದು ಹಣ್ಣಿನಿಂದ. ಶುಕ್ರವಾರ ಮಧ್ಯಾಹ್ನ ಹಿತ್ತಲಿನ ಗೋಡೆಯ ನೆರಳಿಗೆ ಚಾಪೆ ಹಾಸಿ, ಕಲ್ಲು ಮರಿಗೆಯಲ್ಲಿ ಹಣ್ಣು ಕಿವುಚಿ, ಚೂರು ಹಾಲಿನ ಕೆನೆ, ಚೂರು ಕಡಲೆಹಿಟ್ಟು ಕಲಸಿ, ನಮ್ಮ ಮುಖಕ್ಕೆಲ್ಲ ಬಳಿಯುತ್ತಿದ್ದಳು. ಬಳಿದವಳು ಅದು ಒಣಗುವ ತನಕ ಏಳಬಾರದು, ಮಾತಾಡಬಾರದು, ಯಾರೂ ಅವಳಿಗೆ ಕೆಲಸ ಹೇಳಬಾರದು. ಅದು ಅವಳದೇ ಕಾನೂನು.

"ಅರ್ಧ ಒಣಗಿರೋವಾಗ ಎದ್ರೆ ಮುಖ ಕಪ್ಪಿಡ್ತದೆ ಕಣತ್ತೆ. ಆಮೇಲೆ ಹುಡ್ಗೀರ್ನ ಯಾರು ಮಾಡ್ಕೊತಾರೆ?" ಎಂದು ಅಜ್ಜಿಗೆ ಹೇಳಿಬಿಟ್ಟಿದ್ದಳು. ಮದುವೆಯ ಮಾತೆತ್ತಿದರೆ ಅಜ್ಜಿಯ ಬಾಯಿ ಕಟ್ಟುತ್ತಿತ್ತು. ಮೊದಲು ಹೆಣ್ಣುಮಕ್ಕಳಾದ ನಾನು, ನನ್ನ ತಂಗಿ; ಆಮೇಲೆ ನಮ್ಮಮ್ಮ; ಆಮೇಲೆ ಚಿಕ್ಕಮ್ಮನೂ ಬಂದು ಸಾಲಿಗೆ ಕೂತಳು. ಮಕ್ಕಳನ್ನು ಹೆತ್ತವರಿಗೆ ಯಾವ ಗಂಡು ಬರಬೇಕಿತ್ತು ಎಂದು ಅಜ್ಜಿ ಕೇಳಲೇ ಇಲ್ಲ.

ತಿನ್ನುವ ಹಣ್ಣನ್ನು ಮಾತ್ರ ದೊಡ್ಡಮ್ಮ ಮುಟ್ಟುತ್ತಿರಲಿಲ್ಲ. "ತಿನ್ನೋ ಹಣ್ಣ ಮುಖಕ್ಕೆ ಬಳ್ಕೊಳ್ಳಕ್ಕೆ ನಾವೇನು ಅರಮನೆಯೋರಾ?" ಎನ್ನುತ್ತಾ, ಅಂಗಡಿಯಲ್ಲಿ ಯಾರೂ ಕೊಳ್ಳದೆ ಕಪ್ಪಾದ ಬಾಳೆಹಣ್ಣು, ಹಿತ್ತಲಲ್ಲಿ ಅಳಿಲು ಕಚ್ಚಿ ಕೆಡವಿದ ಪರಂಗಿ ಇಂಥವನ್ನೇ ಹೆಕ್ಕಿ ತರುತ್ತಿದ್ದಳು. ಒಮ್ಮೆ ಚಿಕ್ಕಪ್ಪ ಹಾಸನದಿಂದ ಗಾಜಿನ ಡಬ್ಬಿಯಲ್ಲಿ ಮುಖಕ್ಕೆ ಹಚ್ಚುವ ಸ್ನೋ ತಂದ. ಯುದ್ಧದ ಕಾಲ, ಒಳ್ಳೆಯ ಸೋಪೇ ಸಿಗುತ್ತಿರಲಿಲ್ಲ, ಇನ್ನು ಸ್ನೋ ಅಂದರೆ ಕೇಳಬೇಕೇ! ನಾವೆಲ್ಲ ಮುತ್ತಿಕೊಂಡೆವು. ದೊಡ್ಡಮ್ಮ ಮೂಸಿ ನೋಡಿದಳು.

"ವಾಸ್ನೆ ಚೆನ್ನಾಗೈತೆ. ಒಣಗಕ್ಕೆ ಎಷ್ಟೊತ್ತು ಬೇಕು?"

"ಒಣಗೋದೇ ಬ್ಯಾಡ ಅತ್ಗೆ. ಹಚ್ಕೊಂಡು ಹಂಗೇ ಕೆಲ್ಸಕ್ಕೆ ಹೋಗ್ಬೋದು" ಎಂದ ಚಿಕ್ಕಪ್ಪ.

"ಹಂಗಾದ್ರೆ ಏನು ಬಂತು ಭಾಗ್ಯ!" ಎಂದು ಡಬ್ಬಿಯನ್ನು ಅವನ ಕೈಗೇ ವಾಪಸು ಕೊಟ್ಟಳು.

ಹದಿನೇಳರ ಹೊತ್ತಿಗೆ ನನ್ನ ಮುಖದ ತುಂಬ ಮೊಡವೆ. ಚನ್ನರಾಯಪಟ್ಟಣದಿಂದ ನೋಡಲು ಬಂದವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, "ಹುಡುಗಿಗೆ ಮೈಯಲ್ಲಿ ಏನೋ ಉಷ್ಣ ಇದ್ದಂಗದೆ" ಎಂದು ಹೇಳಿ ಕಳಿಸಿದರು. ಅಜ್ಜಿ ಹಾಸಿಗೆ ಹಿಡಿಯುವುದೊಂದು ಬಾಕಿ. ಹಳೇಕೋಟೆಯಿಂದ ಇನ್ನೊಂದು ಸಂಬಂಧ ಬಂದಾಗ, "ಇದೂ ತಪ್ಪಿದ್ರೆ ಅರಕಲಗೂಡಿನ ಬಟ್ಟೆ ಅಂಗಡಿಯೋನಿಗೆ ಕೊಟ್ಬುಡದೇಯ" ಎಂದು ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದಳು. ಬಟ್ಟೆ ಅಂಗಡಿಯವನಿಗೆ ಹೆಂಡತಿ ತೀರಿಕೊಂಡು, ನನ್ನಷ್ಟೇ ದೊಡ್ಡ ಮಗಳಿದ್ದಳು. ನನಗೆ ಅನ್ನ ಇಳಿಯಲಿಲ್ಲ. ದೊಡ್ಡಮ್ಮ ನನ್ನ ತಟ್ಟೆಯ ಮುಂದೆ ಕೂತು, "ಉಣ್ಣೇ ಸಾಕು. ಅವ್ನಿಗೆ ನಿನ್ನ ಕೊಡಕ್ಕೆ ನಾನಿನ್ನೂ ಸತ್ತಿಲ್ಲ" ಎಂದಳು. ಮಾತು ಧೈರ್ಯದ್ದೇ. ಆದರೆ ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿದ್ದದ್ದು ಹಿತ್ತಲಿನ ಗೋಡೆಯವರೆಗೆ ಮಾತ್ರ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು.

ಹಳೇಕೋಟೆಯವರು ಬರುವುದು ಶುಕ್ರವಾರ ಎಂದಾಯಿತು. ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಅದು ಕಳೆದ ಮೇಲೆ ಹೊರಡುತ್ತಾರೆ, ಗಾಡಿ ಬರುವಾಗ ಮೂರಾದರೂ ಆಗುತ್ತದೆ ಎಂದು ನಮ್ಮವರ ಲೆಕ್ಕ. ರಾಹುಕಾಲ ಬರುವ ಮುಂಚೆಯೇ ಹೊರಟುಬಿಡೋಣ ಎಂದು ಅವರ ಲೆಕ್ಕ. ಎರಡೂ ಶಾಸ್ತ್ರಕ್ಕೆ ಸರಿಯೇ. ಹೀಗಾಗಿ ಮಟಮಟ ಮಧ್ಯಾಹ್ನ, ನಾನು, ತಂಗಿ, ಅಮ್ಮ, ಚಿಕ್ಕಮ್ಮ ನಾಲ್ವರೂ ಪರಂಗಿ ಹಣ್ಣು ಬಳಿದುಕೊಂಡು ಗೋಡೆಗೆ ಸಾಲಾಗಿ ಒರಗಿದ್ದಾಗ, ಅಂಗಡಿಯ ಕಡೆಯಿಂದ ಅಪ್ಪನ ಕೂಗು ಕೇಳಿತು:

"ಬಂದ್ಬುಟ್ರು! ಹಳೇಕೋಟೆಯೋರು ಬಂದ್ಬುಟ್ರು!"

ಅಜ್ಜಿ ಸೆರಗು ಎಳೆದುಕೊಂಡು ಓಡಿಬಂದಳು. "ಏಳ್ರೇ, ಮುಖ ತೊಳ್ಕಳ್ರೇ ಮೂದೇವಿಗಳಾ!"

ನಾವು ಎದ್ದೇಬಿಟ್ಟೆವು. ಆಗ ದೊಡ್ಡಮ್ಮ ನನ್ನ ಭುಜ ಹಿಡಿದು ಅದುಮಿ ಕೂರಿಸಿದಳು. "ಯಾರೂ ಏಳ್ಬ್ಯಾಡಿ. ಅರ್ಧ ಒಣಗೈತೆ."

ಅಜ್ಜಿ ಹಣೆ ಚಚ್ಚಿಕೊಳ್ಳುವಷ್ಟರಲ್ಲಿ ಹುಡುಗನ ತಾಯಿ ಕಾಲು ತೊಳೆಯಲು ನೇರವಾಗಿ ಹಿತ್ತಲಿಗೇ ಬಂದುಬಿಟ್ಟರು. ಎತ್ತರದ ಹೆಂಗಸು, ಗಾಡಿಯ ದಾರಿಯ ಧೂಳು ರೆಪ್ಪೆಯ ಮೇಲೂ ಕೂತಿತ್ತು. ಗೋಡೆಗೆ ಒರಗಿದ ನಾಲ್ಕು ಹಳದಿ ಮುಖಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು.

"ಇದ್ರಾಗೆ ಉಡುಗಿ ಯಾವ್ದವ್ವಾ?"

ಚಿಕ್ಕಮ್ಮನಿಗೆ ನಗು ತಡೆಯಲಾಗದೆ ಕೆನ್ನೆಯ ಮೇಲಿನ ಹಣ್ಣು ಬಿರುಕುಬಿಟ್ಟಿತು. ನನ್ನ ಕಣ್ಣ ಮುಂದೆ ಮಾತ್ರ ಅರಕಲಗೂಡಿನ ಬಟ್ಟೆ ಅಂಗಡಿ ಬಂದು ನಿಂತಿತು.

ದೊಡ್ಡಮ್ಮ ಮಾತ್ರ ಮರಿಗೆ ಹಿಡಿದುಕೊಂಡೇ, "ಒಣಗಿದ್ಮೇಲೆ ಗೊತ್ತಾಗ್ತದೆ. ಕೂತ್ಕೊಳಿ. ಬಿಸಿಲಲ್ಲಿ ಬಂದು ಮುಖ ಕೆಂಪಗಾಗೈತೆ, ನಿಮ್ಗೂ ಒಂಚೂರು ಹಚ್ತೀನಿ" ಎಂದಳು.

"ನಂಗಾ? ಮೊಮ್ಮಕ್ಳು ಕಾಣೋ ವಯಸ್ನಾಗೆ?" ಎಂದು ಅವರು ನಕ್ಕರು. ನಕ್ಕವರು ಒಳಗೆ ಹೋಗಲಿಲ್ಲ. ಚಾಪೆಯನ್ನೊಮ್ಮೆ ನೋಡಿದರು, ನೆರಳನ್ನು ನೋಡಿದರು. ಕಾಲು, ಮುಖ ತೊಳೆದು ಬಂದು ಐದನೆಯವರಾಗಿ ಕೂತೇಬಿಟ್ಟರು! ದೊಡ್ಡಮ್ಮ ಹಚ್ಚತೊಡಗಿದಾಗ ಅವರ ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು. ಪಡಸಾಲೆಯಲ್ಲಿ ಗಂಡಸರು ಕೆಮ್ಮುತ್ತಿದ್ದರು. ಅಪ್ಪ ಬಾಗಿಲವರೆಗೆ ಬಂದು ಇಣುಕಿದ. ಬೀಗಿತ್ತಿ ಆಗಬೇಕಾದವರಿಗೇ ಪರಂಗಿ ಬಳಿದದ್ದನ್ನು ಕಂಡು ಹಾಗೇ ಹಿಂದೆ ಸರಿದ. ಅಜ್ಜಿ ಉಪ್ಪಿಟ್ಟಿನ ಒಲೆಯ ಮುಂದೆ ತಾನೇ ಕೂತಳು.

ಸ್ವಲ್ಪ ಹೊತ್ತಿಗೆ ಅವರು ಕಣ್ಣು ತೆರೆದು, ತುಟಿ ಅಲ್ಲಾಡದ ಹಾಗೆ ಮೆಲ್ಲಗೆ ಕೇಳಿದರು: "ನಿಮ್ಗೆ ಯಾರವ್ವಾ ಅಚ್ಚೋರು?"

ಮರಿಗೆಯ ತಳ ಬಳಿಯುತ್ತಿದ್ದ ದೊಡ್ಡಮ್ಮನ ಕೈ ನಿಂತಿತು. ಅಷ್ಟು ವರ್ಷ ಅವಳ ಮುಂದೆ ಮುಖವೊಡ್ಡಿ ಕೂತಿದ್ದ ನಾವು ಯಾರೂ ಕೇಳದ ಮಾತು ಅದು. "ಈ ಹಳ್ಳದಿಣ್ಣೆಗೆ ಯಾಕವ್ವ ಹಣ್ಣು ದಂಡ" ಎಂದು ನಗಲು ನೋಡಿದಳು.

"ಇತ್ತ ಬನ್ನಿ" ಎಂದು ಅವರು ಮರಿಗೆ ಕಿತ್ತುಕೊಂಡರು. ಉಳಿದಿದ್ದನ್ನು ಎರಡು ಬೆರಳಲ್ಲಿ ತೆಗೆದು ದೊಡ್ಡಮ್ಮನ ಹಣೆಗೆ, ಕೆನ್ನೆಗೆ, ಒಂದು ಕಲೆಯನ್ನೂ ಬಿಡದ ಹಾಗೆ ಹಚ್ಚಿದರು. ನಮಗೆಲ್ಲ ಅಲ್ಲಾಡಬೇಡಿ ಎಂದು ಗದರುತ್ತಿದ್ದವಳಿಗೆ ಮುಖ ಹೇಗೆ ಇಟ್ಟುಕೊಳ್ಳಬೇಕೆಂದೇ ಗೊತ್ತಾಗಲಿಲ್ಲ. ಕೈ ಎಲ್ಲಿಡುವುದೆಂದು ಗೊತ್ತಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿ ಇಳಿಯಿತು.

"ಅಳ್ಬ್ಯಾಡಿ ಕಣವ್ವ, ಒಣಗಾಕಿಲ್ಲ" ಎಂದರು ಅವರು.

ನಾವೆಲ್ಲ ಅತ್ತೆವು, ನಕ್ಕೆವು. ಆ ದಿನ ಯಾರ ಮುಖವೂ ಸರಿಯಾಗಿ ಒಣಗಲಿಲ್ಲ.

ಮುಖ ತೊಳೆದು, ಸೀರೆಯುಟ್ಟು ನಾನು ಪಡಸಾಲೆಗೆ ಬಂದಾಗ ಮೊಡವೆಗಳು ಇದ್ದಲ್ಲೇ ಇದ್ದವು. ಹುಡುಗನ ತಾಯಿ ಹತ್ತಿರ ಕರೆದು, ಗದ್ದ ಹಿಡಿದು ನೋಡಿ, "ಮೊಡವೆ ಅವೆ. ನಮ್ಮ ಉಡುಗನ್ಗೂ ಅವೆ ಬುಡಿ" ಎಂದು ಎಲೆಯಡಿಕೆಯ ತಟ್ಟೆ ತರಿಸಲು ಹೇಳಿದರು. ಅಜ್ಜಿ ಉಸಿರು ಬಿಟ್ಟದ್ದು ಅಂಗಡಿಯವರೆಗೂ ಕೇಳಿರಬೇಕು.

ತಟ್ಟೆ ತರುವ ನೆಪದಲ್ಲಿ ದೊಡ್ಡಮ್ಮ ನನ್ನನ್ನು ಒಳಗೆಳೆದಳು. "ನೀನೇನಂತೀಯೆ? ಬ್ಯಾಡ ಅಂದ್ರೆ ಈಗ್ಲೇ ಹೇಳು."

ಆ ಕಾಲದಲ್ಲಿ ಹುಡುಗಿಯನ್ನು ಯಾರು ಕೇಳುತ್ತಿದ್ದರು! ಅವಳು ಕೇಳಿದಳು.

"ಅವ್ರ ಮನೇಗೆ ಹೋಗ್ತೀನಿ ದೊಡ್ಡಮ್ಮ."

"ಹುಡುಗನ್ನ ತಲೆಯೆತ್ತಿ ನೋಡ್ದೇನೆಯಾ?"

"ಅವ್ರಮ್ಮನ ಕೈ ನೋಡಿದ್ನಲ್ಲ" ಎಂದೆ.

ದೊಡ್ಡಮ್ಮ ನನ್ನ ಕೆನ್ನೆ ಹಿಂಡಿದಳು, ನೋವಾಗುವಷ್ಟು. ಮುಖದ ಮೇಲಿನ ಮೊಡವೆಗಳು ಆಮೇಲೆ ತಾವಾಗಿಯೇ ಹೋದವು. ಯಜಮಾನರವೂ ಹೋದವು. ಅವರು ಒಳ್ಳೆಯವರೇ, ಆದರೆ ನಾನು ಒಪ್ಪಿದ್ದು ಅವರನ್ನಲ್ಲ ಎಂದು ಹೇಳಿ ರೇಗಿಸುತ್ತಿದ್ದೆ. ಹಳೇಕೋಟೆಯ ಹಿತ್ತಲಿನಲ್ಲೂ ಶುಕ್ರವಾರ ಚಾಪೆ ಬಿತ್ತು. ನಾನು ಅತ್ತೆಗೆ ಹಚ್ಚುತ್ತಿದ್ದೆ, ಅತ್ತೆ ನನಗೆ ಹಚ್ಚುತ್ತಿದ್ದರು, ನೆರೆಹೊರೆಯ ಹೆಂಗಸರು ಬಂದು ಸೇರಿಕೊಂಡರು. ತವರಿಗೆ ಹೋದಾಗಲೆಲ್ಲ ಮರಿಗೆಯ ಕೊನೆಯ ಪಾಲು ದೊಡ್ಡಮ್ಮನದು. ಅವಳೇ ಬಂದು ಮುಖವೊಡ್ಡಿ ಕೂರುತ್ತಿದ್ದಳು, "ಬೇಗ ಹಚ್ಚೇ" ಎಂದು ಅವಸರ ಬೇರೆ.

ಯುದ್ಧ ಮುಗಿದ ಮಾರನೆಯ ವರ್ಷ ದೊಡ್ಡಮ್ಮ ಮಲಗಿದಲ್ಲೇ ಹೋದಳು. ನಾನೂ ಅತ್ತೆಯೂ ಗಾಡಿ ಕಟ್ಟಿಸಿಕೊಂಡು ಬಂದೆವು. ನಮ್ಮವರ ಪದ್ಧತಿಯಂತೆ ಅವಳಿಗೆ ಸ್ನಾನ ಮಾಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಶುಕ್ರವಾರದ ಹಾಗೆಯೇ ಕೂತಿದ್ದಳು. ಅತ್ತೆ ಯಾರನ್ನೂ ಕೇಳದೆ ಮುಂದೆ ಹೋಗಿ, ವಿಭೂತಿಯನ್ನು ನೀರಲ್ಲಿ ಕಲಸಿ, ಹಣೆಗಷ್ಟೇ ಅಲ್ಲ, ಕೆನ್ನೆಗೆ, ಗದ್ದಕ್ಕೆ, ಕಲೆ ಕಲೆಗೂ ಮೆಲ್ಲಗೆ ಹಚ್ಚಿದರು. ಒದ್ದೆ ವಿಭೂತಿ ಮುಖದ ಮೇಲೆ ಬೂದುಬಣ್ಣಕ್ಕೆ ಹೊಳೆಯುತ್ತಿತ್ತು.

ಹೊರಗಿನಿಂದ ಗಂಡಸರು, "ಹೊತ್ತಾಯ್ತು, ಎತ್ತೋಣ" ಎಂದರು.

ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತರು. "ತಡೀರಿ. ಇನ್ನೂ ಒಣಗಿಲ್ಲ."

ಗಂಡಸರು ಕಾದರು.