ಬೂಷ್ಟಕ್ಕನ ಮೂರು ಪೀಪಾಯಿ

ಅವಳಿಗೆ ಬೂಷ್ಟಕ್ಕ ಅಂತ ಹೆಸರಿಟ್ಟವನು ಭಾವ, ಅಂದರೆ ಗಂಡನ ಅಣ್ಣ. ನಲ್ಲಿ, ಬಾಗಿಲ ಹಿಡಿಕೆಗಳಿಗೆ ಕ್ರೋಮ್ ಹೊಳಪು ಕೊಡುವ ಕಾರ್ಖಾನೆ ಅವನದು. ಮಾತಿಗಿಂತ ಮೊದಲು ಕೈ ಎತ್ತುವ ಮನುಷ್ಯ. ಅವಳೇನೂ ಕಡಿಮೆಯಿರಲಿಲ್ಲ, ಮದುವೆಯಾದ ವರ್ಷವೇ ಸೌಟಿನಿಂದ ಅವನ ಹಣೆ ಒಡೆದಿದ್ದಳು. ಇಬ್ಬರ ನಡುವೆ ಗಂಡ ಅಡಕತ್ತರಿಗೆ ಸಿಕ್ಕ ಅಡಕೆ.

ಹೊಳಪು ಕೊಡುವ ಕಿತ್ತಳೆ ಬಣ್ಣದ ದ್ರಾವಣ ಅವರಿಬ್ಬರಿಗಿಂತಲೂ ಕ್ರೂರಿ. ಅದರ ಆವಿ ಗಂಡನ ಮೂಗಿನ ನಡುಗೋಡೆಯನ್ನೇ ಕೊರೆದಿತ್ತು. ಒಂದು ಹೊಳ್ಳೆಯಲ್ಲಿ ದಾರ ತೂರಿಸಿ ಇನ್ನೊಂದರಿಂದ ಎಳೆದು ಅವನು ಎಲ್ಲರನ್ನೂ ನಗಿಸುತ್ತಿದ್ದ. ಅವಳಿಗೆ ನಗು ಬರುತ್ತಿರಲಿಲ್ಲ. ಅಲ್ಲೇ ಸಾಮಾನು ತೊಳೆಯುತ್ತಿದ್ದ ಅವಳ ಬೆರಳ ಗೆಣ್ಣುಗಳಲ್ಲೂ ಗುಂಡಗೆ ಕೊರೆದ ಹುಣ್ಣುಗಳಿದ್ದವು. ಹೊಳಪು ಕೊಟ್ಟ ಸಾಮಾನು ತೊಳೆದ ಹಳದಿ ನೀರು ಚರಂಡಿ ಸೇರಿ, ಓಣಿಯ ಬಾವಿಯ ಪಕ್ಕದಲ್ಲೇ ಇಂಗುತ್ತಿತ್ತು. ಅವಳ ಮಗಳು ಕುಡಿಯುತ್ತಿದ್ದದ್ದು ಆ ಬಾವಿಯ ನೀರು.

ನೀರು ಪರೀಕ್ಷಿಸಲು ಬಂದ ಮೇಡಂ ಒಬ್ಬರು ಅವಳಿಗೆ ದಾರಿ ತೋರಿಸಿದರು. ನಿಂಬೆಹುಳಿ ಪುಡಿ ತಯಾರಿಸುವ ಕಾರ್ಖಾನೆಯವರು ಬೂಷ್ಟನ್ನು ಬಳಸಿ ಬಿಸಾಡುತ್ತಾರೆ, ಸತ್ತ ಬೂಷ್ಟಿನ ಮೈಗೂ ಕ್ರೋಮ್ ಅಂಟಿಕೊಳ್ಳುತ್ತದೆ ಅಂದರು. ಅವಳು ಅದನ್ನು ಮೂಟೆ ಕಟ್ಟಿ ತಂದಳು. ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ತೊಳೆದು, ಒಣಗಿಸಿ, ಕಾರ್ಖಾನೆಯ ಹಿತ್ತಿಲ ಚರಂಡಿಯ ಬಳಿ ಮೂರು ಪೀಪಾಯಿಗೆ ತುಂಬಿದಳು. ನಾರುತ್ತದೆ ಅಂತ ಭಾವ ಒಂದನ್ನು ಒದ್ದು ಉರುಳಿಸಿದ. ಅವಳು ಅವನ ಊಟದ ಡಬ್ಬಿಯನ್ನು ಚರಂಡಿಗೆ ಎಸೆದು, ಪೀಪಾಯಿಯನ್ನು ಮತ್ತೆ ತುಂಬಿದಳು.

ಹಳದಿ ನೀರು ಒಂದರಿಂದ ಒಂದಕ್ಕೆ ಹರಿದು, ಮೂರನೆಯ ಪೀಪಾಯಿಯಿಂದ ತಿಳಿಯಾಗಿ ಚರಂಡಿಗೆ ಇಳಿಯಿತು. ಮೇಡಂ ಕೊಟ್ಟ ಔಷಧಿ ಹನಿ ಹಾಕಿದಾಗ ನೀರು ನೇರಳೆಯಾದರೆ ಕ್ರೋಮ್ ಉಳಿದಿದೆ ಎಂದರ್ಥ. ನೇರಳೆಯಾಗಲಿಲ್ಲ. ಆಗಾಗ ಹೊಸ ಬೂಷ್ಟು ತುಂಬುತ್ತಾ ಎರಡು ವರ್ಷ ಹಾಗೇ ನಡೆಸಿದಳು. ಭಾವನಿಗೂ ನಂಬಿಕೆ ಬಂತು. ಅತಿಯಾಗಿಯೇ ಬಂತು.

ಒಂದು ಮಧ್ಯಾಹ್ನ ದೊಡ್ಡ ತೊಟ್ಟಿಯ ದ್ರಾವಣವೇ ಕೆಟ್ಟಿತು. ಸಾಮಾನು ಮರುದಿನಕ್ಕೆ ಬೇಕು, ತೊಟ್ಟಿ ಅವತ್ತೇ ಖಾಲಿಯಾಗಬೇಕು, ವಿಷದ ಕಸ ಒಯ್ಯುವ ಲಾರಿ ಬರುವುದು ವಾರದ ಮೇಲೆ. ಭಾವ ಪಂಪಿನ ಪೈಪನ್ನು ತೊಟ್ಟಿಗೆ ಇಳಿಬಿಟ್ಟು, ಇನ್ನೊಂದು ತುದಿಯನ್ನು ಮೊದಲ ಪೀಪಾಯಿಗೆ ತುರುಕಿದ.

“ನಿನ್ನ ಬೂಷ್ಟು ಎಲ್ಲಾ ನುಂಗುತ್ತಲ್ಲ, ಇದನ್ನೂ ನುಂಗಲಿ.”

“ಅದು ತೊಳೆದ ನೀರಿಗೆ ಮಾತ್ರ ಭಾವ. ತುತ್ತು ತಿನ್ನೋ ಬಾಯಿಗೆ ಹಂಡೆ ಸುರಿದ್ರೆ ಹೇಗೆ? ಉಳಿದದ್ದೆಲ್ಲಾ ಬಾವಿಗೇ ಹೋಗುತ್ತೆ.”

“ನನಗೇ ಪಾಠ ಹೇಳ್ತೀಯಾ? ಏಯ್, ಪಂಪ್ ಹಾಕೋ!”

ಸ್ವಿಚ್ಚಿನ ಹತ್ತಿರ ಗಂಡ ನಿಂತಿದ್ದ. “ಅಣ್ಣಾ, ಅವಳು ಹೇಳೋದೂ...”

“ಹೆಂಡ್ತಿ ಸೆರಗಿನ ಗಂಟು! ಹಾಕೋ ಅಂದ್ರೆ ಹಾಕು!”

“ಹಾಕಿದ್ರೆ ಮನೆ ಹೊಸಿಲು ತುಳೀಬೇಡಿ,” ಅಂದಳು ಅವಳು.

ಗಂಡ ಕಣ್ಣು ಮುಚ್ಚಿಕೊಂಡು ಸ್ವಿಚ್ ಒತ್ತಿದ.

ಅವಳು ಪೈಪಿನ ಮೇಲೆ ಎರಗಿದಳು. ಭಾವ ಸಾಮಾನು ನೇತುಹಾಕುವ ತಾಮ್ರದ ಸರಳಿನಿಂದ ಅವಳ ಮುಂಗೈಗೆ ಬಾರಿಸಿದ. ಲಟಕ್ ಎಂದು ಮೂಳೆ ಮುರಿಯಿತು. ಎರಡನೆಯ ಏಟು ಭುಜಕ್ಕೆ ಬಿತ್ತು. ಅವಳು ಅವನ ತೋಳು ಕಚ್ಚಿದಳು, ಬಾಯಿಗೆ ರಕ್ತ ಬರುವವರೆಗೂ ಬಿಡಲಿಲ್ಲ. ಅವನು ಕೂಗಿ ಹಿಂದೆ ಸರಿದಾಗ ಪೈಪನ್ನು ಮೊಣಕೈಗೆ ಸುತ್ತಿ ಪೀಪಾಯಿಯಿಂದ ಕಿತ್ತಳು. ಚೆಲ್ಲಿದ್ದು ಹೊರಗೆ ಹೋಗದಂತೆ ದೊಡ್ಡ ತೊಟ್ಟಿಯ ಸುತ್ತ ಸಿಮೆಂಟ್ ಕಟ್ಟೆ ಇತ್ತು. ತಾನೂ ಅದರೊಳಕ್ಕೆ ಇಳಿದು, ಪೈಪನ್ನು ಎಳೆದು ತಂದು ಎಸೆದಳು. ತಡೆಯಲು ಒಳಗೆ ಹಾರಿದ ಭಾವ ಜಾರಿ ಕಟ್ಟೆಯ ಮೇಲೆ ಕುಕ್ಕರಿಸಿದ. ಕಿತ್ತಳೆ ದ್ರಾವಣ ಇಬ್ಬರ ಪಾದಗಳ ಮೇಲೂ ಏರಿತು.

“ಆರಿಸೋ! ಸುಡ್ತಿದೆ! ಆರಿಸೋ!”

“ಈಗ ಆರಿಸಿ,” ಅಂದಳು ಅವಳು ಗಂಡನಿಗೆ.

ಪಂಪು ನಿಂತಿತು. ಗಂಡ ಅಳುತ್ತಾ ಅಣ್ಣನನ್ನು ಹೊರಗೆಳೆದು, ಚರಂಡಿಯ ಬಳಿ ಕೂರಿಸಿ, ತಂಬಿಗೆ ಎತ್ತಿದ. ಅವಳು ಮುರಿದ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಆ ತಾಮ್ರದ ಸರಳು ಹಿಡಿದು ಬಂದಳು.

“ಅಲ್ಲಲ್ಲ. ಟಬ್ಬಿನಲ್ಲಿ ತೊಳೀರಿ. ಒಂದು ಹನಿಯೂ ಚರಂಡಿಗೆ ಹೋಗಬಾರದು.”

“ನಿನ್ನ ಕಾಲೂ ಬೆಂದಿದೆಯಲ್ಲೇ!”

“ನನಗೂ ಅದೇ ಟಬ್ಬು. ಬೇಗ ತನ್ನಿ.”

“ರಾಕ್ಷಸಿ!” ಎಂದು ಭಾವ ನರಳಿದ.

“ಹೌದು ಭಾವ. ಇನ್ನೊಂದು ಕಾಲನ್ನೂ ಇಡಿ.”

ಇಬ್ಬರ ಕಾಲು ತೊಳೆದ ಹಳದಿ ನೀರನ್ನು ಗಂಡ ಮೊದಲ ಪೀಪಾಯಿಗೆ ಸುರಿದ. ಅಷ್ಟನ್ನು ಬೂಷ್ಟು ತಡೆಯುತ್ತದೆ ಅಂತ ಅವಳಿಗೆ ಗೊತ್ತಿತ್ತು. ಟಬ್ಬು ಖಾಲಿಯಾದ ಮೇಲೆಯೇ ಅವಳು ಸರಳು ಕೆಳಗಿಟ್ಟು, ಆಸ್ಪತ್ರೆಗೆ ನಡೀರಿ ಅಂದಳು.